ಜೀಪಪ್ಪನವರ ಮೊದಲ ಗಿರಾಕಿ

"ಹಳೆಯ ಗಾಡಿ ಮಾರುವವರು ಬೀದಿಗೊಬ್ಬರಿದ್ದಾರೆ. ಗಾಡಿಯ ಮನಸ್ಸು ಬಲ್ಲವನು ಮಾರಲು ಕುಳಿತರೆ ಏನಾಗುತ್ತದೆ ಎಂಬುದನ್ನು ಈ ಊರು ಇನ್ನು ಮೇಲೆ ನೋಡಲಿದೆ" ಎಂದು ಜೀಪಪ್ಪನವರು ಘೋಷಣೆ ಮಾಡಿದಾಗ ಕೇಳಲು ಎದುರಿಗಿದ್ದವರು ಇಬ್ಬರೇ: ಅವರ ಹೆಂಡತಿ, ಮತ್ತು ಹೆಂಡತಿಯ ತಂದೆ. ಊರು ನೋಡಿದ್ದೂ ನಿಜ. ಏನು ನೋಡಿತು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಜೀಪಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೆರೆಹೊರೆಯವರು ಅರ್ಧ ಅಕ್ಕರೆಯಿಂದ, ಅರ್ಧ ಕಿವಿನೋವಿನಿಂದ ಇಟ್ಟದ್ದು. ಡಾಂಬರು ರಸ್ತೆ ಕಂಡರೆ ಅವರ ಮುಖ ಬಾಡುತ್ತಿತ್ತು; ರಸ್ತೆ ಮುಗಿದು ಕೆಸರು, ಕಲ್ಲು, ಹಳ್ಳ ಶುರುವಾದರೆ ಅರಳುತ್ತಿತ್ತು. ರಜೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟವರು ಸಂಜೆ ಮಣ್ಣಿನ ಮುದ್ದೆಯಾಗಿ ಬಂದು, ಹೆಂಡತಿ ಬಕೆಟ್ಟಿನಲ್ಲಿ ನೀರು ತರುವ ತನಕ ಬಾಗಿಲಲ್ಲೇ ನಿಂತು, ಯಾವ ಹಳ್ಳವನ್ನು ಯಾವ ಗೇರಿನಲ್ಲಿ ದಾಟಿದೆ ಎಂದು ವರ್ಣಿಸುತ್ತಿದ್ದರು. "ಮದುವೆಯಾಗದ ಹೊರತು ಹುಚ್ಚು ಬಿಡದು ಅಂತಾರಲ್ಲ, ಅದನ್ನ ನಂಬಿ ನಮ್ಮತ್ತೆ ಮದುವೆ ಮಾಡಿಬಿಟ್ರು" ಎಂದು ಆಕೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದುದುಂಟು.

ಅಂಥವರು ಒಂದು ದಿನ ವಿಮಾ ಕಚೇರಿಯ ನೌಕರಿಗೆ ರಾಜೀನಾಮೆ ಬಿಸಾಕಿ, ಮೂರು ಹಳೆಯ ಜೀಪುಗಳನ್ನು ತಂದು, ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ, ಮನೆಯ ಮುಂದಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಗಿರಾಕಿಗಳೇನೋ ಬಂದರು. ಆದರೆ ಜೀಪಪ್ಪನವರು ಅವರನ್ನು ನೋಡುತ್ತಿದ್ದುದು, ಹೆಣ್ಣು ಕೊಡುವ ತಂದೆ ವರನನ್ನು ನೋಡುವ ಹಾಗೆ. ಗಾಡಿಯನ್ನು ಎಲ್ಲಿ ಓಡಿಸುತ್ತೀರಿ ಎಂಬುದು ಮೊದಲ ಪ್ರಶ್ನೆ. ಮಾರುಕಟ್ಟೆಗೆ ಹೋಗಿ ಬರುವುದಕ್ಕೆ ಎಂದವನಿಗೆ ಅಲ್ಲಿಗೇ ಮಂಗಳ. ಆ ಪ್ರಶ್ನೆಯಲ್ಲಿ ಪಾಸಾದವರಿಗೆ ಎರಡನೆಯ ಪರೀಕ್ಷೆ ಕಾದಿರುತ್ತಿತ್ತು: ಊರಾಚೆಯ ಪಾಳುಬಿದ್ದ ಕಲ್ಲುಗಣಿಯ ಏರು. "ಏರು ಹತ್ತಿಸಿ ತೋರಿಸದೆ ನಾನು ಗಾಡಿ ಮಾರುವವನಲ್ಲ" ಎಂಬುದು ಅವರ ವ್ರತ. ಏರಿನ ಬುಡ ನೋಡಿದ ಗಿರಾಕಿಗಳು ಮನೆಗೆ ನಡೆದೇ ಹೋಗುತ್ತೇವೆ ಎಂದು ಇಳಿದುಬಿಡುತ್ತಿದ್ದರು.

ಕೊನೆಗೆ ಮಾವನವರು ಬಾಯಿ ತೆರೆದರು. ಅವರಿಗೆ ಪ್ಲಾಸ್ಟಿಕ್ ಪೈಪಿನ ಅಂಗಡಿ. ಮಾತು ಬೆಣ್ಣೆ, ತೀರ್ಮಾನ ಕಬ್ಬಿಣ. "ಅಳಿಯಂದಿರೇ, ಈ ತಿಂಗಳು ಮುಗಿಯೋದರೊಳಗೆ ಒಂದೇ ಒಂದು ಗಾಡಿ ಮಾರಿ. ನಾನು ತೆಪ್ಪಗಿರ್ತೀನಿ. ಇಲ್ಲದಿದ್ರೆ ಒಂದನೇ ತಾರೀಖಿನಿಂದ ನಮ್ಮ ಅಂಗಡಿಗೆ ಬಂದು ಕೂತ್ಕೊಳ್ಳಿ" ಎಂದರು.

ಉಕ್ಕುವ ಹಳ್ಳಕ್ಕೆ ಹೆದರದ ಜೀಪಪ್ಪನವರು ಅಂದು ಹೆದರಿದರು. ಗೋಡೆಯುದ್ದಕ್ಕೂ ಬೂದುಬಣ್ಣದ ಪೈಪುಗಳು. ನಡುವೆ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ತಾವು. ಬೆನ್ನ ಹಿಂದಿನಿಂದ ಗಳಿಗೆಗೊಮ್ಮೆ "ಅಳಿಯಂದಿರೇ" ಎಂಬ ಮೆತ್ತನೆಯ ಕೂಗು.

ತಿಂಗಳ ಕೊನೆಯ ಭಾನುವಾರ ಹಲ್ಲಿನ ಡಾಕ್ಟರಮ್ಮ ಬಂದರು. ಸಣ್ಣ ಆಳು, ಸಣ್ಣ ದನಿ. ವಾರಕ್ಕೊಮ್ಮೆ ಗುಡ್ಡದ ಹಳ್ಳಿಗಳಿಗೆ ಹೋಗಿ ಹಲ್ಲು ನೋಡಿ ಬರುವ ಕೆಲಸ ಅವರದು. ದಾರಿ ಕೆಟ್ಟದ್ದು, ಬಾಡಿಗೆ ಗಾಡಿಯವರು ಒಮ್ಮೆ ಬಂದರೆ ಮತ್ತೊಮ್ಮೆ ಫೋನ್ ಎತ್ತುವುದಿಲ್ಲ, ಆದ್ದರಿಂದ ಸ್ವಂತಕ್ಕೊಂದು ಗಟ್ಟಿ ಗಾಡಿ ಬೇಕು ಎಂದರು. ಜೀಪಪ್ಪನವರ ಕಣ್ಣು ತುಂಬಿ ಬಂತು. ಕಡೆಗೂ ಯೋಗ್ಯ ವರ ಬಾಗಿಲಿಗೆ ಬಂದಿತ್ತು. ಅವರು ಮೂರರಲ್ಲಿ ಅತ್ಯಂತ ಮುದ್ದಿನ ಹಸಿರು ಜೀಪನ್ನು ಹೊರಡಿಸಿ, ಡಾಕ್ಟರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೆಟ್ಟಗೆ ಗಣಿಗೆ ಹೋದರು.

ಆ ಜೀಪಿನದೊಂದು ಹಳೆಯ ಪದ್ಧತಿ. ನಾಲ್ಕು ಚಕ್ರಗಳೂ ದುಡಿಯಬೇಕಾದರೆ ಇಳಿದು ಹೋಗಿ, ಮುಂದಿನ ಒಂದೊಂದು ಚಕ್ರದ ಮಧ್ಯಭಾಗದಲ್ಲೂ ಇರುವ ಲಾಕನ್ನು ಕೈಯಿಂದ ತಿರುಗಿಸಬೇಕು. ಒಂದನ್ನು ಮರೆತರೂ ಹಿಂದಿನ ಎರಡು ಮಾತ್ರ ದುಡಿಯುತ್ತವೆ, ಮುಂದಿನ ಎರಡು ಸುಮ್ಮನೆ ಜೊತೆಗೆ ಬರುತ್ತವೆ. ಜೀಪಪ್ಪನವರು ಏರಿನ ಬುಡದಲ್ಲಿ ಇಳಿದು, ಪೂಜಾರಿಯ ಗಾಂಭೀರ್ಯದಿಂದ ಬಲಗಡೆಯದನ್ನು ತಿರುಗಿಸಿದರು. ಡಾಕ್ಟರಮ್ಮ ಸೌಜನ್ಯಕ್ಕೆ ಈ ಗಾಡಿಗೆ ಎಷ್ಟು ವಯಸ್ಸಾಯಿತು ಎಂದು ಕೇಳಿದರು. ಕೇಳಬಾರದಿತ್ತು. ಜೀಪಿನ ಹುಟ್ಟು, ಬಾಲ್ಯ, ಹಿಂದಿನ ಒಡೆಯರು ಮಾಡಿದ ಅನ್ಯಾಯಗಳು, ಎಲ್ಲವನ್ನೂ ಹೇಳುತ್ತ ಹೇಳುತ್ತ ಜೀಪಪ್ಪನವರು ಬಂದು ಸ್ಟಿಯರಿಂಗ್ ಹಿಡಿದರು.

ಅರ್ಧ ಏರು ಹತ್ತಿದ ಜೀಪು ಅಲ್ಲಿ ಗುರ್ರೆಂದಿತು. ಹಿಂದಿನ ಚಕ್ರಗಳು ಜಲ್ಲಿಯನ್ನು ಚಿಮ್ಮುತ್ತ ನಿಂತಲ್ಲೇ ತಿರುಗಿದವು. ಇಂಜಿನ್ನು ಕೆಮ್ಮಿ ಆರಿತು. ಮತ್ತೆ, ಬಹಳ ನಿಧಾನವಾಗಿ, ಯಾರೂ ಹೇಳದೆ, ಜೀಪು ಹಿಂದಕ್ಕೆ ಜಾರಿತು.

ಜೀಪಪ್ಪನವರು ಎರಡೂ ಕಾಲನ್ನು ಬ್ರೇಕಿನ ಮೇಲೆ ಊರಿದರು. ಜೀಪು ನಿಂತಿತು. ಹ್ಯಾಂಡ್ ಬ್ರೇಕ್ ಎಳೆದರು. ಅದು ಹಳೆಯ ಕೊಡೆಯ ಹಿಡಿಯಂತೆ ಸಲೀಸಾಗಿ ಮೇಲೆ ಬಂದಿತು, ಅಷ್ಟೆ. ಅದನ್ನು ಬಿಗಿ ಮಾಡಿಸುವುದು ಮುಂದಿನ ವಾರದ ಕೆಲಸವಾಗಿತ್ತು. ಕನ್ನಡಿಯಲ್ಲಿ ನೋಡಿದರೆ, ಏರಿನ ಬುಡದಾಚೆ ಗಣಿಯ ಹೊಂಡ. ಹೊಂಡದ ತುಂಬ ಹಸಿರು ನೀರು.

"ನಿಂತ್ವಾ?" ಡಾಕ್ಟರಮ್ಮ ಕೇಳಿದರು.

"ನಿಲ್ಲಿಸಿದೆ. ಇಲ್ಲಿಂದ ನೋಟ ಚೆನ್ನಾಗಿದೆ."

ಡಾಕ್ಟರಮ್ಮ ಹಿಂದಿರುಗಿ ನೋಡಿದರು. "ನೋಟದಲ್ಲಿ ಬರೀ ನೀರೇ ಇದೆ. ನಿಮ್ಮ ಕಾಲು ನಡುಗ್ತಿದೆಯಲ್ಲ?"

"ಅದು ಇಂಜಿನ್ನಿನ ಅದುರು."

"ಇಂಜಿನ್ ಆಫ್ ಆಗಿದೆ."

ಆಗ ಜೀಪಪ್ಪನವರಿಗೆ ಹೊಳೆಯಿತು: ಎಡಚಕ್ರದ ಲಾಕು. ಇಳಿದು ತಿರುಗಿಸೋಣವೆಂದರೆ ಬ್ರೇಕಿನಿಂದ ಕಾಲು ತೆಗೆಯುವಂತಿಲ್ಲ. ಬ್ರೇಕು ಬಿಟ್ಟು ಹಿಂದಕ್ಕೆ ಇಳಿಸೋಣವೆಂದರೆ ಜಲ್ಲಿಯ ಮೇಲೆ ಚಕ್ರ ಯಾರ ಮಾತನ್ನೂ ಕೇಳುವುದಿಲ್ಲ. ಡಾಕ್ಟರಮ್ಮ ಬಾಗಿಲ ಹಿಡಿಗೆ ಕೈ ಹಾಕಿದರು. ಅಷ್ಟಕ್ಕೇ ಜೀಪು ಇನ್ನೊಂದು ಗೇಣು ಜಾರಿತು. ಇಬ್ಬರೂ ಕಲ್ಲಿನ ಬೊಂಬೆಗಳಾದರು.

ಆ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾಡಿದವರು ಹೆಂಡತಿ, ವ್ಯಾಪಾರ ಕುದುರಿತೇ ಎಂದು ಕೇಳುವುದಕ್ಕೆ. ಸ್ಟಿಯರಿಂಗ್ ಬಿಟ್ಟು ಕೈ ಬರಲಿಲ್ಲವಾದ್ದರಿಂದ ಡಾಕ್ಟರಮ್ಮನೇ ಮೆಲ್ಲಗೆ ಫೋನು ತೆಗೆದರು. ಹೇಳಬೇಡಿ, ಹೇಳಬೇಡಿ ಎಂದು ಜೀಪಪ್ಪನವರು ಹುಬ್ಬಿನಲ್ಲೇ ಸನ್ನೆ ಮಾಡಿದರು. ಆದರೆ ಎಕ್ಸ್‌ರೇ ಓದಿದಷ್ಟೇ ನಿರ್ವಿಕಾರವಾಗಿ ಡಾಕ್ಟರಮ್ಮ ಏರು, ನೀರು, ಕಾಲು, ಬ್ರೇಕು ಎಲ್ಲವನ್ನೂ ವಿವರಿಸಿದರು. ಆ ಕಡೆಯಿಂದ ಹೆಂಡತಿ, ಅಲುಗಾಡಬೇಡಿ, ಬಂದೆ ಎಂದರಂತೆ.

ಕಾಯುವುದಿದೆಯಲ್ಲ, ಅದು ಯಾವ ಶತ್ರುವಿಗೂ ಬೇಡ. ಒಂದೊಂದು ಜಲ್ಲಿಕಲ್ಲು ಉರುಳಿ ಹೋಗಿ ಬುಳುಂಕೆಂದು ನೀರಿಗೆ ಬಿದ್ದಾಗಲೂ ಜೀಪಪ್ಪನವರ ಗುಂಡಿಗೆ ಅದರ ಜೊತೆಗೇ ಹೋಗಿ ಬಿದ್ದು ಬರುತ್ತಿತ್ತು. ಮೊಣಕಾಲು ಮರಗಟ್ಟಿತು. ಕಣ್ಣಿಗೆ ಬೆವರಿಳಿದು ಉರಿಯುತ್ತಿದ್ದರೂ ಒರೆಸುವ ಧೈರ್ಯವಿಲ್ಲ. "ಮೂಗಿನಿಂದ ಉಸಿರಾಡಿ" ಎಂದರು ಡಾಕ್ಟರಮ್ಮ, ಹಲ್ಲು ಕೀಳುವ ಮುಂಚಿನ ದನಿಯಲ್ಲಿ. "ಬಾಯಿ ಮುಚ್ಚಬಹುದು. ಇದು ನನ್ನ ಕುರ್ಚಿಯಲ್ಲ."

ಆ ಸ್ಥಿತಿಯಲ್ಲಿ ಜೀಪಪ್ಪನವರ ಮನಸ್ಸಿನ ಮುಂದೆ ಮಾವನವರ ಅಂಗಡಿ ಬಂದು ನಿಂತಿತು. ಎಂಥ ಸಮತಟ್ಟಾದ ನೆಲ! ಪೈಪುಗಳು ಇಟ್ಟಲ್ಲಿ ಇಟ್ಟ ಹಾಗೆ ಮಲಗಿರುತ್ತವೆ. ಸ್ಟೂಲು ಎಂದಾದರೂ ಹಿಂದಕ್ಕೆ ಜಾರಿದ್ದುಂಟೇ? "ಅಳಿಯಂದಿರೇ" ಎಂಬ ಕೂಗು ಈಗೊಮ್ಮೆ ಕೇಳಿದ್ದರೆ ಅವರು ಮಗುವಿನಂತೆ ಓಗೊಡುತ್ತಿದ್ದರು.

ಓಗೊಡಬೇಕಾದದ್ದು ಬೇರೆ ಕೂಗಿಗೆ. "ಏನ್ರೀ, ಇದ್ದೀರಾ?"

ಲಾರಿಗಳು ಓಡಾಡುತ್ತಿದ್ದ ಹಳೆಯ, ಗುಂಡಿಬಿದ್ದ ಸುತ್ತುದಾರಿಯಲ್ಲಿ, ಮನೆಯ ಸಣ್ಣ ಕಾರನ್ನು ಏರಿನ ನೆತ್ತಿಯವರೆಗೆ ತಂದು ನಿಲ್ಲಿಸಿ, ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅಡ್ಡಡ್ಡ ಹೆಜ್ಜೆಯಿಡುತ್ತ ಇಳಿದು ಬರುತ್ತಿದ್ದರು. ಬಂದವರೇ ದಪ್ಪದಪ್ಪ ಕಲ್ಲು ಹುಡುಕಿ ನಾಲ್ಕೂ ಚಕ್ರಗಳ ಹಿಂದೆ ಇಟ್ಟು, ಒಂದೊಂದನ್ನೂ ಕಾಲಿನಿಂದ ಒದ್ದು ನೋಡಿದರು. ಡಾಕ್ಟರಮ್ಮ ಇಳಿದರು, ಜೀಪು ಕದಲಲಿಲ್ಲ. ಅವರು ಹಿಂದಿರುಗಿ ನೋಡದೆ ಏರು ಹತ್ತಿ ಹೋದರು.

"ನೀವೂ ಇಳೀರಿ" ಎಂದರು ಹೆಂಡತಿ.

"ಕಾಲು ಬ್ರೇಕ್ ಬಿಡ್ತಾ ಇಲ್ಲ ಕಣೇ."

"ಆಗಿದ್ದೇನು, ಅದನ್ನಾದ್ರೂ ಹೇಳಿ."

ಜೀಪಪ್ಪನವರು ಗದ್ದದಿಂದ ಎಡಚಕ್ರದ ಕಡೆ ತೋರಿಸಿದರು. "ಎಡಗಡೆ ಲಾಕು... ತಿರುಗಿಸಿಲ್ಲ."

ಆಕೆ ಗಂಡನ ಮುಖವನ್ನು ಒಮ್ಮೆ ಪೂರ್ತಿಯಾಗಿ ನೋಡಿ, ಹೋಗಿ ಲಾಕನ್ನು ತಿರುಗಿಸಿ ಬಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಲ್ಲುಗಳ ಭರವಸೆಯ ಮೇಲೆ ಜೀಪಪ್ಪನವರು ಕಾಲನ್ನು ಕೈಯಿಂದ ಎತ್ತಿ ಬ್ರೇಕಿನಿಂದ ಬಿಡಿಸಿಕೊಂಡರು. ಇಂಜಿನ್ನು ಹತ್ತಿತು. ನಾಲ್ಕು ಚಕ್ರಗಳೂ ನೆಲ ಕಚ್ಚಿದವು. ಜೀಪು ಮೇಕೆಯಂತೆ ಒಂದೇ ಉಸಿರಿಗೆ ಏರು ಹತ್ತಿ ನೆತ್ತಿಯ ಮೇಲೆ ನಿಂತಿತು. ಸಮನೆಲ ಸಿಕ್ಕಿದ್ದೇ ತಡ, ಜೀಪಪ್ಪನವರ ಮೀಸೆಗೂ ಜೀವ ಬಂತು. ಜಿಗಿದಿಳಿದು, "ನೋಡಿದ್ರಾ ಡಾಕ್ಟ್ರೇ, ಶಕ್ತಿ ಅಂದ್ರೆ ಇದು" ಎಂದರು.

ಡಾಕ್ಟರಮ್ಮ ನೋಡುತ್ತಿರಲಿಲ್ಲ. ಅವರು ಆ ಸಣ್ಣ ಕಾರಿನೊಳಗೆ ಬೆಲ್ಟು ಹಾಕಿಕೊಂಡು ಕುಳಿತು, ಏದುಸಿರು ಬಿಡುತ್ತ ಮೇಲೆ ಬಂದ ಹೆಂಡತಿಯನ್ನು ವಿಚಾರಿಸುತ್ತಿದ್ದರು.

"ಅಮ್ಮಾ, ಆ ಹಾಳು ದಾರೀಲಿ ಇದು ಹೇಗೆ ಬಂತು?"

"ನಿಧಾನಕ್ಕೆ ಬಂತು."

"ನಮ್ಮ ಹಳ್ಳಿ ದಾರಿ ಇದಕ್ಕಿಂತ ಕೆಟ್ಟದ್ದೇನಲ್ಲ. ಇದನ್ನ ಕೊಡ್ತೀರಾ?"

ಜೀಪಪ್ಪನವರು ಓಡಿ ಬಂದರು. "ಡಾಕ್ಟ್ರೇ, ಅದು ಮಾರೋ ಗಾಡಿ ಅಲ್ಲ. ಅದು ಬರೀ ಹೋಗಿ ಬರೋ ಗಾಡಿ."

"ನನಗೂ ಹೋಗಿ ಬರಬೇಕು, ಅಷ್ಟೇ" ಎಂದರು ಡಾಕ್ಟರಮ್ಮ. "ಮುಖ್ಯವಾಗಿ, ಬರಬೇಕು."

ವ್ಯಾಪಾರ ಗಣಿಯ ನೆತ್ತಿಯಲ್ಲೇ ಮುಗಿಯಿತು. ಎಲ್ಲಿ ಓಡಿಸುತ್ತೀರಿ ಎಂದು ಹೆಂಡತಿ ಕೇಳಲಿಲ್ಲ. ಡಾಕ್ಟರಮ್ಮ ಕೈಬೀಸಿ ಹೊರಟುಹೋದ ಮೇಲೆ ದಂಪತಿಗಳು ಜೀಪಿನಲ್ಲಿ ಮನೆಯ ದಾರಿ ಹಿಡಿದರು. ಸ್ಟಿಯರಿಂಗ್ ಹಿಡಿದವರು ಹೆಂಡತಿ. ಪೆಡಲು ಕಂಡೊಡನೆ ಜೀಪಪ್ಪನವರ ಕಾಲು ಮತ್ತೆ ಮರಗಟ್ಟಿತ್ತು. ಊರು ಹತ್ತಿರವಾದಾಗ ಅವರು ಮೆಲ್ಲಗೆ ಕೆಮ್ಮಿದರು.

"ಒಂದು ಗಾಡಿ ಮಾರಬೇಕು ಅಂದಿದ್ರು ನಿಮ್ಮಪ್ಪ. ಇಂಥದ್ದೇ ಅಂತ ಹೇಳಿರಲಿಲ್ಲ. ಇಂಥವರೇ ಮಾರಬೇಕು ಅಂತಲೂ ಹೇಳಿರಲಿಲ್ಲ. ಅಂದ್ಮೇಲೆ ನಮ್ಮ ವ್ಯಾಪಾರ ಉಳೀತು, ಅಲ್ವಾ?"

"ಉಳೀತು" ಎಂದರು ಹೆಂಡತಿ, ಗೇರು ಬದಲಿಸುತ್ತ. "ಒಂದನೇ ತಾರೀಖಿನಿಂದ ಅಂಗಳದಲ್ಲಿ ನಾನು ಕೂತ್ಕೋತೀನಿ."

"ಮತ್ತೆ ನಾನು?"

"ನೀವು ಪೈಪಿನ ಅಂಗಡಿಗೆ ಹೋಗಿ. ಗಿರಾಕಿಗಳು ಬರೋ ಹೊತ್ತಿಗೆ ನೀವು ಮನೇಲಿದ್ರೆ ವ್ಯಾಪಾರ ಆಗಲ್ಲ."