ನಂಬರು ಎರಡು ಏಳು ಏಳು ನಾಲ್ಕು ಒಂದು

ಬೆಳಗ್ಗೆ ಏಳೂವರೆಗೆ ಪೋಸ್ಟ್‌ಮಾಸ್ಟರು ಬಾಗಿಲು ಬಡಿದು, "ಸಿಕ್ತು! ಹವಾಲ್ದಾರ್ರೇ, ಕೊನೆಗೂ ಸಿಕ್ತು!" ಎಂದು ಕೂಗಿದಾಗ, ಮೂರು ದಿನದಿಂದ ಕಾಣೆಯಾಗಿದ್ದ ಓದುವ ಕನ್ನಡಕವೇ ಸಿಕ್ಕಿತೆಂದುಕೊಂಡು ಹವಾಲ್ದಾರರು ಸಂತೋಷದಿಂದ ಕೈ ಚಾಚಿದರು.

"ಎಲ್ಲಿತ್ತು?"

"ಹಳೇ ಕ್ಲಬ್ಬಿನ ಹರಾಜಿನಲ್ಲಿ!"

"ನಾನು ಆ ಕಡೆ ಹೋಗೇ ಇಲ್ಲವಲ್ಲ?"

"ನೀವು ಹೋಗಿಲ್ಲ ರೀ, ಅದು ಹೋಗಿದೆ! ನಿಮ್ಮ ರೈಫಲ್ಲು! ನಂಬರು ಎರಡು ಏಳು ಏಳು ನಾಲ್ಕು ಒಂದು!"

ಚಾಚಿದ ಕೈ ಹಾಗೇ ನಿಂತಿತು, ದಾರಿ ತೋರಿಸುವ ಹಲಗೆಯ ಹಾಗೆ. ಇನ್ನೊಂದು ಕೈಯಲ್ಲಿದ್ದ ಚಹಾದ ಲೋಟ ಮಾತ್ರ ನಿಲ್ಲಲಿಲ್ಲ. ಪೋಸ್ಟ್‌ಮಾಸ್ಟರ ಚಪ್ಪಲಿಯ ಮೇಲೆ ಬಿತ್ತು.

"ಆನಂದ! ಆನಂದಕ್ಕೆ ಕೈ ನಡುಗ್ತಿದೆ!" ಎಂದು ಪೋಸ್ಟ್‌ಮಾಸ್ಟರು ಒದ್ದೆ ಕಾಲಿನಲ್ಲೇ ಕುಣಿದರು. ನಿವೃತ್ತಿಯಾದ ಮೇಲೆ ಬೀದಿಯವರ ಸುದ್ದಿಯನ್ನೆಲ್ಲ ಮನೆಮನೆಗೆ ಹಂಚುವ ಕೆಲಸವನ್ನು ಅವರು ಸಂಬಳವಿಲ್ಲದೆ ಮುಂದುವರಿಸಿದ್ದರು. "ಸಾಯಂಕಾಲ ನಾಲ್ಕಕ್ಕೆ ವಾಚನಾಲಯದಲ್ಲಿ ಸಭೆ. ಇನ್ಸ್‌ಪೆಕ್ಟರ್ ಸಾಹೇಬರೇ ಬರ್ತಾರೆ. ಏನೋ ಫಾರಂ ಇದೆಯಂತೆ. ಕಣ್ಣು ಕಟ್ಟಿಕೊಂಡು ನಲವತ್ತು ಸೆಕೆಂಡಿನಲ್ಲಿ ಬಿಚ್ಚಿ ಜೋಡಿಸ್ತಿದ್ದೆ ಅಂತಿದ್ರಲ್ಲ, ಅದೂ ಆಗಿಹೋಗಲಿ. ಗಡಿಯಾರ ನಾನು ಹಿಡೀತೀನಿ!"

ಒಳಗಿನಿಂದ ಬಂದ ಹೆಂಡತಿ ಎರಡೂ ಕೈ ಕೆನ್ನೆಗೆ ಒತ್ತಿಕೊಂಡು ನಿಂತುಬಿಟ್ಟಳು. "ರೀ... ನಿಮ್ಮ ಬಂದೂಕು! ಹೊಳೆಯಲ್ಲಿ ಹೋಗಿದ್ದು!"

ಹವಾಲ್ದಾರರು ಕುರ್ಚಿ ಇದೆಯೋ ಇಲ್ಲವೋ ನೋಡದೆ ಕುಳಿತರು. ಅದೃಷ್ಟಕ್ಕೆ ಇತ್ತು.

ಅವರು ಇಷ್ಟು ಬೆಚ್ಚಿಬೀಳಲು ಕಾರಣವಿತ್ತು, ಆ ಕಾರಣ ಅವರೊಬ್ಬರಿಗೇ ಗೊತ್ತಿತ್ತು. ಅಂಥ ಬಂದೂಕು ಅವರ ಬಳಿ ಯಾವತ್ತೂ ಇರಲಿಲ್ಲ.

ಅವರು ಹವಾಲ್ದಾರರೂ ಅಲ್ಲ. ಸೈನ್ಯದಲ್ಲಿ ಹನ್ನೊಂದು ವರ್ಷ ಇದ್ದದ್ದು ನಿಜ. ಆದರೆ ದರ್ಜಿಯಾಗಿ. ಆ ಹನ್ನೊಂದು ವರ್ಷದಲ್ಲಿ ಅವರ ಕೈ ಮುಟ್ಟಿದ ಅತಿ ಅಪಾಯದ ಆಯುಧವೆಂದರೆ ಕತ್ತರಿ. ಅಲ್ಲಿನ ಉಗ್ರಾಣದ ಅಧಿಕಾರಿಗೆ ಒಂದು ಹಟ. ಸೈನಿಕನಿಗೆ ಅವನ ಬಂದೂಕಿನ ನಂಬರು ಹೇಗೆ ಬಾಯಿಪಾಠವಿರಬೇಕೋ ಹಾಗೆಯೇ ಅಡುಗೆಯವನಿಗೆ ಹಂಡೆಯ ನಂಬರು, ದರ್ಜಿಗೆ ಹೊಲಿಗೆ ಯಂತ್ರದ ನಂಬರು. ನಿದ್ದೆಯಲ್ಲಿ ಎಬ್ಬಿಸಿ ಕೇಳುತ್ತಿದ್ದ. ತಪ್ಪಿದವನು ಮೈದಾನ ಸುತ್ತಬೇಕು. ಹೀಗೆ ತಲೆಯೊಳಗೆ ಹೊಲಿದುಹೋಗಿದ್ದ ಹೊಲಿಗೆ ಯಂತ್ರದ ನಂಬರೇ ಎರಡು ಏಳು ಏಳು ನಾಲ್ಕು ಒಂದು.

ಹೆಣ್ಣು ನೋಡಲು ಹೋದಾಗ ಭಾವಿ ಮಾವ ಮೀಸೆ ತಿರುವುತ್ತ, "ಬಂದೂಕು ಹಿಡಿದಿದ್ದೀರಾ?" ಎಂದು ಕೇಳಿದರು. ಬಾಗಿಲ ಸಂದಿಯಲ್ಲಿ ಹುಡುಗಿಯ ಒಂದು ಕಣ್ಣು ಕಾಣುತ್ತಿತ್ತು. ಇವರು ಹೂಂ ಎಂದರು. "ಹಾಗಾದರೆ ನಂಬರು ಹೇಳಿ ನೋಡೋಣ" ಎಂದರು ಮಾವ. ಗೊತ್ತಿದ್ದದ್ದು ಒಂದೇ ನಂಬರು, ಹೇಳಿದರು. "ಈಗೆಲ್ಲಿದೆ?" ಎಂದಾಗ, ಪ್ರವಾಹದಲ್ಲಿ ಕೊಚ್ಚಿಹೋಗುತ್ತಿದ್ದ ಕ್ಯಾಪ್ಟನ್ ಸಾಹೇಬರನ್ನು ಮೇಲೆತ್ತುವಾಗ ಹೊಳೆಪಾಲಾಯಿತು ಎಂದರು. ಆಮೇಲೆ ಮೂವತ್ತನಾಲ್ಕು ವರ್ಷ ಆ ಹೊಳೆ ಹರಿಯುತ್ತಲೇ ಇತ್ತು. ವರ್ಷವರ್ಷವೂ ನೀರು ಏರುತ್ತಿತ್ತು. ಸೈನ್ಯ ಬಿಟ್ಟು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸಕ್ಕೆ ಸೇರಿದ ಮೇಲಂತೂ ಇಡೀ ಬೀದಿಗೆ ಆ ನಂಬರು ಬಾಯಿಪಾಠವಾಗಿತ್ತು. ಕತೆಯ ಕೊನೆಗೆ ಹವಾಲ್ದಾರರು ಕಣ್ಣೊರೆಸಿಕೊಳ್ಳುತ್ತಿದ್ದರು. ಕೇಳಿದವರೂ ಒರೆಸಿಕೊಳ್ಳುತ್ತಿದ್ದರು.

ಇಲ್ಲದ ಬಂದೂಕು ಈಗ ಅದೇ ನಂಬರು ಹೊತ್ತು ಬಂದಿತ್ತು.

ಹೆಂಡತಿ ಪೆಟ್ಟಿಗೆಯಿಂದ ಹಳೆಯ ಖಾಕಿ ಕೋಟು ತೆಗೆದು ಅವರಿಗೆ ತೊಡಿಸಿದಳು. ಹೊಟ್ಟೆಯ ಮೇಲೆ ಗುಂಡಿಗೂ ಕಾಜಕ್ಕೂ ನಾಲ್ಕು ಬೆರಳಿನ ಜಗಳ. "ಉಸಿರು ಎಳ್ಕೊಳ್ಳಿ" ಎಂದಳು. ಎಳೆದುಕೊಳ್ಳಲು ಉಸಿರೇ ಇರಲಿಲ್ಲ.

"ಗುಂಡಿ ಸ್ವಲ್ಪ ಈಚೆಗೆ ಹಾಕೋಣ ಅಂದರೆ, ನನ್ನ ಹೊಲಿಗೆ ನಿಮಗೆ ಗೊತ್ತೇ ಇದೆ" ಎಂದು ಅವಳು ಪೆಚ್ಚಾಗಿ ನಕ್ಕಳು. ಒಂದು ವರ್ಷದಿಂದ ವಾಚನಾಲಯದ ಹೊಲಿಗೆ ತರಗತಿಗೆ ಹೋಗುತ್ತಿದ್ದರೂ ಅವಳ ದಿಂಬಿನ ಚೀಲಗಳಿಗೆ ಇನ್ನೂ ಮೂರೇ ಮೂಲೆ. ರಾತ್ರಿ ಅವಳು ಹೊಲಿದು, ಬಿಚ್ಚಿ, ಅತ್ತು, ಮತ್ತೆ ಹೊಲಿಯುವಾಗ ಹವಾಲ್ದಾರರು ಪಕ್ಕದಲ್ಲೇ ಪೇಪರಿನ ಹಿಂದೆ ಅಡಗಿ, ಹೊಲಿಯಲು ತುರಿಸುವ ಬೆರಳುಗಳನ್ನು ಮಡಚಿ ಕೂರುತ್ತಿದ್ದರು.

"ಅಪ್ಪ ಇದ್ದಿದ್ರೆ ಇವತ್ತು..." ಎಂದು ಅವಳು ಮೂಗೊರೆಸಿಕೊಂಡಳು. ಹವಾಲ್ದಾರರು ಮುಖ ತಿರುಗಿಸಿ ಗುಂಡಿಯೊಂದಿಗೆ ಗುದ್ದಾಡಿದರು. ಇನ್ಸ್‌ಪೆಕ್ಟರು ಬರುತ್ತಾರೆಂದ ಮೇಲೆ ಜೈಲಿನ ಹೆದರಿಕೆ ಒಂದು ಕಡೆ. ಆದರೆ ಈ ಮುಖದ ಎದುರು ಸುಳ್ಳ ಅನ್ನಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಜೈಲು.

ಕ್ಷೌರದಂಗಡಿಯಲ್ಲಿ ಕತ್ತಿ ಗಂಟಲ ಬಳಿ ಇದ್ದಾಗಲೇ ಕ್ಷೌರಿಕ ಬಾಯಿ ಬಿಟ್ಟ. "ಸಾರ್, ಸರ್ಕಾರದ ಬಂದೂಕು ಅಂದ್ರೆ ಕಳೆದುಹಾಕಿದವರನ್ನ ಸುಮ್ಮನೆ ಬಿಡಲ್ಲವಂತೆ, ಹೌದಾ? ನಮ್ಮ ಭಾವನೊಬ್ಬ ಸರ್ಕಾರಿ ಕುರ್ಚಿ ಒಂದು ಕಳೆದು ಆರು ವರ್ಷ ಅಲೆದ. ಕುರ್ಚಿಗೇ ಆರು ವರ್ಷ ಅಂದ್ರೆ... ಸಾರ್, ಅಲ್ಲಾಡಬೇಡಿ!"

ಅಲ್ಲಾಡುತ್ತಿದ್ದದ್ದು ಹವಾಲ್ದಾರರಲ್ಲ, ಅವರ ಗಂಟಲಮಣಿ.

ಅಲ್ಲಿಂದ ನೇರ ಬೀಗದವನ ಅಂಗಡಿಗೆ ಓಡಿದರು. ಹರಾಜಿನ ಹಳೇ ಕಬ್ಬಿಣವೆಲ್ಲ ಅವನ ಕೈ ದಾಟಿಯೇ ಹೋಗಬೇಕು. ಬೀದಿಯ ಪ್ರತಿ ಮನೆಯ ಬೀಗದಕೈ ಮೇಲೂ ಮನೆಯ ನಂಬರು ಕೊರೆದುಕೊಡುವವನೂ ಅವನೇ. ಹವಾಲ್ದಾರರ ಹದಿನೇಳನೇ ನಂಬರಿನ ಬೀಗದಕೈಯಲ್ಲಿ ಏಳಕ್ಕೆ ಪಾದ ಇರಲಿಲ್ಲ. ಅವನ ಏಳರ ಅಚ್ಚಿನ ತುದಿ ಮುರಿದು ಯಾವ ಕಾಲವಾಗಿತ್ತೋ.

"ಆ ಬಂದೂಕು ನೀನು ನೋಡಿದ್ಯೇನಪ್ಪ? ನಂಬರು ನಿಜವಾಗಿ ಅದೇನಾ?"

ಬೀಗದವನು ಗಡಬಡಿಸಿ ಒಂದು ಡಬ್ಬಿಯನ್ನು ಕಾಲಿನಿಂದ ಮೇಜಿನಡಿ ತಳ್ಳಿದ. "ನಂಗೇನೂ ಗೊತ್ತಿಲ್ಲ ಸಾರ್. ನಾಲ್ಕು ಗಂಟೆಗೆ ಎಲ್ಲಾ ಗೊತ್ತಾಗುತ್ತೆ ಬಿಡಿ" ಎಂದು ಕೆಮ್ಮಿದ. ಕಣ್ಣೆತ್ತಿ ನೋಡಲಿಲ್ಲ.

ಇವನಿಗೂ ನನ್ನ ಮೇಲೆ ಅನುಮಾನ, ಎಂದುಕೊಂಡರು ಹವಾಲ್ದಾರರು. ಮನೆಗೆ ಬಂದು ಹೊಟ್ಟೆನೋವೆಂದು ಮಲಗಿದರು. ಪೋಸ್ಟ್‌ಮಾಸ್ಟರು ಡಾಕ್ಟರನ್ನು ಕರೆತಂದರು. ಡಾಕ್ಟರು ನಾಡಿ ನೋಡಿ, "ಇದು ದೇಶಪ್ರೇಮ, ಔಷಧಿ ಇಲ್ಲ" ಎಂದು ಎಬ್ಬಿಸಿ ಕೂರಿಸಿದರು.

ನಾಲ್ಕು ಗಂಟೆಗೆ ವಾಚನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಲಿಗೆ ತರಗತಿಯ ಹೆಂಗಸರು ಯಂತ್ರಗಳನ್ನು ಗೋಡೆಗೆ ಸರಿಸಿ ಮುಂದಿನ ಸಾಲು ಹಿಡಿದಿದ್ದರು. ಮೇಜಿನ ಮೇಲೆ, ಕೆಂಪು ಬಟ್ಟೆಯ ನಡುವೆ, ಅದು ಮಲಗಿತ್ತು. ಉದ್ದನೆಯ ಮರದ ಹಿಡಿ, ಎಣ್ಣೆ ಹಚ್ಚಿ ಒರೆಸಿದ ನಳಿಗೆ. ಯಾವುದೋ ಹಳೆಯ ಯುದ್ಧದಿಂದ ಎದ್ದು ಬಂದು, ಯಾರಪ್ಪಾ ನೀನು ಎಂದು ಕೇಳುವಂತಿತ್ತು.

"ಮುಟ್ಟಿ! ಮುಟ್ಟಿ ಮಾತಾಡಿಸಿ!" ಎಂದರು ಪೋಸ್ಟ್‌ಮಾಸ್ಟರು.

ಕನ್ನಡಕವಿಲ್ಲದ ಕಣ್ಣಿಗೆ ಅಂಕಿಗಳು ಇರುವೆ ಸಾಲಿನಂತೆ ಕಂಡವು. ಹವಾಲ್ದಾರರು ಬೆರಳಾಡಿಸಿದರು. ಎರಡು. ಏಳು. ಏಳು. ನಾಲ್ಕು. ಒಂದು. ಬೆರಳ ತುದಿಯಿಂದ ತಣ್ಣಗೆ ಏನೋ ಹತ್ತಿ ನೆತ್ತಿಗೆ ಹೋಯಿತು. ಏಳರ ಪಾದ ಬೆರಳಿಗೆ ತಾಗಲಿಲ್ಲ, ಆದರೆ ಆ ಹೊತ್ತಿನಲ್ಲಿ ಅವರಿಗೆ ತಮ್ಮ ಪಾದಗಳೂ ತಾಗುತ್ತಿರಲಿಲ್ಲ.

ಇನ್ಸ್‌ಪೆಕ್ಟರು ಬಂದರು. ಬರುವಾಗಲೂ ಕೂರುವಾಗಲೂ ಒಂದು ಕೈಯಲ್ಲಿ ಪ್ಯಾಂಟು ಮೇಲೆಳೆದುಕೊಳ್ಳುತ್ತಿದ್ದರು. ಸೊಂಟ ಎರಡಿಂಚು ದೊಡ್ಡದು, ಎಂದಿತು ಹವಾಲ್ದಾರರ ಮನಸ್ಸು. ಜೈಲಿಗೆ ಹೋಗುವ ಹೊತ್ತಿನಲ್ಲಿ ನಿನಗೇಕೆ ಆ ಅಳತೆ ಎಂದು ಅದನ್ನು ಗದರಿದರು.

ಇನ್ಸ್‌ಪೆಕ್ಟರು ಫಾರಂ ಬಿಡಿಸಿ ಪೆನ್ನು ತೆಗೆದರು. "ಈ ಬಂದೂಕು ಕಳೆದುಕೊಂಡವರು ನೀವೇ ತಾನೇ? ಇಲ್ಲೊಂದು ಸಹಿ ಹಾಕಿ."

ಮೂವತ್ತನಾಲ್ಕು ವರ್ಷದ ಹೊಳೆ ಒಮ್ಮೆಲೇ ಕಟ್ಟೆ ಒಡೆಯಿತು.

"ನಾನಲ್ಲ ಸ್ವಾಮಿ! ನಾನು ಕಳೆದಿಲ್ಲ! ಬಂದೂಕು ಹಿಡಿದವನೇ ಅಲ್ಲ! ನಾನು ದರ್ಜಿ! ಅದು ನನ್ನ ಹೊಲಿಗೆ ಯಂತ್ರದ ನಂಬರು!"

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪೋಸ್ಟ್‌ಮಾಸ್ಟರು ಎದೆಯ ಮೇಲೆ ಕೈಯಿಟ್ಟರು. "ಕೇಳಿದಿರಾ? ಇದು ವಿನಯ ಅಂದ್ರೆ! ಹೊಗಳಿಕೆ ಬೇಡ ಅಂತ ದರ್ಜಿ ಅಂತಿದ್ದಾರೆ!"

ಚಪ್ಪಾಳೆಗೆ ಹೆಂಚು ಅದುರಿತು.

"ಆಣೆ ಮಾಡಿ ಹೇಳ್ತೀನಿ ರೀ!"

"ಎಂಥ ದೊಡ್ಡ ಮನುಷ್ಯ" ಎಂದು ಹಿಂದೆ ಯಾರೋ ಬಿಕ್ಕಿದರು. ಅಷ್ಟರಲ್ಲಿ ಪೋಸ್ಟ್‌ಮಾಸ್ಟರು ಕಪ್ಪು ಬಟ್ಟೆ ತಂದು ಅವರ ಕಣ್ಣು ಕಟ್ಟಿಯೇಬಿಟ್ಟರು. "ನಲವತ್ತು ಸೆಕೆಂಡು! ತಯಾರಾ?"

ಕತ್ತಲೆಯಲ್ಲಿ ಹವಾಲ್ದಾರರಿಗೆ ಒಂದೇ ದಾರಿ ಕಂಡಿತು. ಕೈ ಮುಂದೆ ಚಾಚಿ, ಇಬ್ಬರ ಕಾಲು ತುಳಿದು, ಗೋಡೆಯವರೆಗೆ ತಡವರಿಸಿಕೊಂಡು ಹೋಗಿ ಒಂದು ಹೊಲಿಗೆ ಯಂತ್ರದ ಮುಂದೆ ಧೊಪ್ಪನೆ ಕುಳಿತರು. "ಈಗ ಗಡಿಯಾರ ಹಿಡೀರಿ!"

ಸೂಜಿ ಹೊರಬಂತು. ಬಟ್ಟೆ ಒತ್ತಿ ಹಿಡಿಯುವ ಪಾದ ಹೊರಬಂತು. ಕೆಳದಾರ ಸುತ್ತಿದ ಬಾಬಿನ್ ಅದರ ಡಬ್ಬಿಯಿಂದ ಜಾರಿ ಅಂಗೈಗೆ ಬಂತು. ಎಲ್ಲವೂ ಸಾಲಾಗಿ ಕೂತವು, ಮತ್ತೆ ಒಂದೊಂದೇ ಒಳಗೆ ಹೋದವು. ದಾರದ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಸೂಜಿಯ ಕಣ್ಣನ್ನು ಉಗುರಿನಿಂದ ಹುಡುಕಿ, ಒಂದೇ ಏಟಿಗೆ ಪೋಣಿಸಿದರು. ಯಂತ್ರದ ಮೇಲೆ ಯಾರದೋ ದಿಂಬಿನ ಚೀಲ ಅರ್ಧಕ್ಕೆ ನಿಂತಿತ್ತು. ಕಾಲು ತಾನಾಗಿ ತುಳಿಯಿತು. ಯಂತ್ರ ಗಡಗಡನೆ ಓಡಿತು, ಮೂಲೆಯಲ್ಲಿ ನಿಂತಿತು, ಬಟ್ಟೆ ತಿರುಗಿತು, ಮತ್ತೆ ಓಡಿತು. ಹವಾಲ್ದಾರರು ಹಲ್ಲಿನಿಂದ ದಾರ ಕಚ್ಚಿ ಚೀಲವನ್ನು ಮೇಲೆತ್ತಿದರು.

ನಾಲ್ಕೂ ಮೂಲೆ. ಮುಟ್ಟಿದರೆ ಚುಚ್ಚುವಂಥ ಮೂಲೆ.

"ಮೂವತ್ತೆಂಟು ಸೆಕೆಂಡು" ಎಂದರು ಪೋಸ್ಟ್‌ಮಾಸ್ಟರು. ಅವರ ದನಿ ಯಾವುದೋ ಬಾವಿಯಿಂದ ಬಂದಂತಿತ್ತು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹವಾಲ್ದಾರರು ಕಣ್ಣಿನ ಬಟ್ಟೆ ಕಿತ್ತು ಇನ್ಸ್‌ಪೆಕ್ಟರ ಕಡೆ ತಿರುಗಿ ಕೈಮುಗಿದರು. "ಈಗ ನಂಬ್ತೀರಾ ಸ್ವಾಮಿ? ನನ್ನನ್ನ ಹಿಡಿಯಬೇಡಿ."

"ಹಿಡಿಯೋಕೆ ಯಾರು ಬಂದಿದ್ದಾರ್ರೀ?" ಇನ್ಸ್‌ಪೆಕ್ಟರು ಕಣ್ಣು ಕಣ್ಣು ಬಿಟ್ಟರು. "ಈ ಬಂದೂಕಿನ ನಳಿಗೆಗೆ ಸೀಸ ತುಂಬಿ ಐವತ್ತು ವರ್ಷ ಆಗಿದೆ. ವಾಚನಾಲಯದ ಗೋಡೆಗೆ ತೂಗುಹಾಕೋಕೆ ಒಪ್ಪಿಗೆ ಫಾರಂ ಇದು. ಕಳೆದುಕೊಂಡವರ ಕೈಯಿಂದಲೇ ಸಹಿ ಹಾಕಿಸೋಣ ಅಂತ ಇವರೆಲ್ಲ ಆಸೆಪಟ್ಟರು, ಅಷ್ಟೇ."

"ಮತ್ತೆ... ನಂಬರು?"

ಬೀಗದವನು ನೆಲ ನೋಡುತ್ತ ಎದ್ದು ನಿಂತ. "ನಾನೇ ಸಾರ್. ಭಾನುವಾರ ಕೊರೆದೆ. ವರ್ಷವರ್ಷ ನೀವು ಅಳೋದು ನೋಡೋಕಾಗದೆ ಬೀದಿಯವರೆಲ್ಲ ಸೇರಿ ಹರಾಜಿನಲ್ಲಿ ಕೊಂಡ್ವಿ. ನಿಮಗೆ ಸಮಾಧಾನ ಆಗಲಿ ಅಂತ..."

ಪೋಸ್ಟ್‌ಮಾಸ್ಟರು ಜೇಬಿನಿಂದ ಒಂದು ಕನ್ನಡಕ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹೊಸ ಅಚ್ಚು ಅಂತ ಕಣ್ಣಿಗೆ ಬೀಳಬಾರದು ಅಂತ ಮೂರು ದಿನ ಮೊದಲೇ ಎತ್ತಿಟ್ಟಿದ್ದೆ."

ಹವಾಲ್ದಾರರು ಕನ್ನಡಕ ಹಾಕಿಕೊಂಡು ಬಂದೂಕಿನ ಮೇಲೆ ಬಗ್ಗಿದರು. ಪಾದವಿಲ್ಲದ ಎರಡು ಏಳುಗಳು ಅವರ ಬೀಗದಕೈಯ ಏಳಿನ ಒಡಹುಟ್ಟಿದವರ ಹಾಗೆ ಪಳಪಳ ಹೊಳೆಯುತ್ತಿದ್ದವು.

"ಹಾಗಾದರೆ ಬಿಚ್ಚಿ ಜೋಡಿಸೋದು?" ಎಂದು ಕ್ಷೀಣವಾಗಿ ಕೇಳಿದರು.

"ಅದೆಲ್ಲಿ ಬಿಚ್ಚೋಕೆ ಬರುತ್ತೆ ಸಾರ್? ಒಳಗೆಲ್ಲ ತುಕ್ಕು ಹಿಡಿದು ಒಂದೇ ಕಬ್ಬಿಣ ಆಗಿದೆ. ಎರಡು ಸಲ ತಿರುಗಿಸಿ ತುಕ್ಕು ಅಂದಿದ್ರೆ ಸಾಕಿತ್ತು. ಚಪ್ಪಾಳೆ ತಟ್ಟಿ ಹಾರ ಹಾಕಿ ಕಳಿಸ್ತಿದ್ವಿ." ತಂದಿದ್ದ ಹಾರ ಇನ್ನೂ ಬೀಗದವನ ಕೈಯಲ್ಲೇ ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಬಂದೂಕಿಗೇ ಹಾಕಿದ.

ಮುಂದಿನ ಸಾಲಿನಿಂದ ಹೆಂಡತಿ ಎದ್ದಳು. ಹವಾಲ್ದಾರರು ಕೋಟಿನೊಳಗೆ ಕುಗ್ಗಿದರು, ಬೆಳಗಿನಿಂದ ಕೂಡದಿದ್ದ ಗುಂಡಿಗಳು ಈಗ ಸಲೀಸಾಗಿ ಕೂಡುವಷ್ಟು. ಅವಳು ದಿಂಬಿನ ಚೀಲವನ್ನು ಎತ್ತಿ ಒಂದು ಮೂಲೆ ನೋಡಿದಳು, ಎರಡನೆಯದು, ಮೂರನೆಯದು, ನಾಲ್ಕನೆಯದು.

"ಇದು ನನ್ನ ಚೀಲ" ಎಂದಳು.

"ಹೂಂ."

"ಕ್ಯಾಪ್ಟನ್ ಸಾಹೇಬರನ್ನ ಹೊಳೆಯಿಂದ ಎತ್ತಿದ್ದು?"

"ಅವರ ಪ್ಯಾಂಟು ಕಣೇ. ಒಗೆಯೋವಾಗ ತೇಲಿಹೋಗಿತ್ತು. ಎತ್ತಿದ್ದು ಮಾತ್ರ ನಾನೇ."

"ನಮ್ಮಪ್ಪನಿಗೆ ಹೇಳಿದ ಸುಳ್ಳು ಹಾಳಾಗಲಿ. ಅಪ್ಪ ಕೊಡದಿದ್ರೂ ನಾನು ಬರ್ತಿದ್ದೆ." ಅವಳ ದನಿ ನಡುಗಿತು, ಹವಾಲ್ದಾರರ ಕಣ್ಣು ತುಂಬಿತು. ಕ್ಷಮಿಸಿಬಿಟ್ಟಳು ಎಂದುಕೊಳ್ಳುವಷ್ಟರಲ್ಲಿ ಆ ದನಿ ಸೂರಿಗೆ ತಾಗಿತು. "ಆದರೆ ಒಂದು ವರ್ಷ! ಒಂದು ವರ್ಷ ನಾನು ರಾತ್ರಿಯೆಲ್ಲ ಮೂಲೆ ತಿರುಗಿಸೋಕೆ ಬರದೆ ಅಳ್ತಿದ್ರೆ, ಪಕ್ಕದಲ್ಲಿ ಪೇಪರ್ ಓದ್ತಾ ಕೂತಿದ್ರಲ್ಲ ರೀ!"

ಹೊಲಿಗೆ ತರಗತಿಯ ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ಅಂಥ ಪಡೆಯನ್ನು ಹವಾಲ್ದಾರರು ಸೈನ್ಯದಲ್ಲೂ ನೋಡಿರಲಿಲ್ಲ.

ಐದೂವರೆಗೆ ಬಂದೂಕು ಗೋಡೆ ಏರಿತು. ಪೋಸ್ಟ್‌ಮಾಸ್ಟರು ಅದರ ಕೆಳಗಿನ ಕಪ್ಪು ಹಲಗೆಯಲ್ಲಿ "ಹವಾಲ್ದಾರರ ಹೊಲಿಗೆ ತರಗತಿ, ಪ್ರತಿದಿನ, ರಜೆಯಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದರು. ಹೆಂಡತಿ ಗಂಡನನ್ನು ಭುಜ ಹಿಡಿದು ಯಂತ್ರದ ಮುಂದೆ ಕೂರಿಸಿ, ಜಾರಿದ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿದಳು. ಪಕ್ಕದಲ್ಲಿ ಪರದೆ, ಫ್ರಾಕು, ಹರಿದ ಹಾಸಿಗೆ ಬಟ್ಟೆಗಳ ರಾಶಿ ಅವರ ಹೆಗಲ ಎತ್ತರಕ್ಕೆ ಬಂದಿತ್ತು.

ಇಷ್ಟಾದರೂ ಜೈಲು ತಪ್ಪಿತಲ್ಲ ಎಂದು ಹವಾಲ್ದಾರರು ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಹಿಂದಿನ ಕೋಣೆಯ ಬಾಗಿಲು ಬೆರಳಗಲ ತೆರೆದು, ಸಂದಿಯಿಂದ ಒಂದು ಕೈ ಖಾಕಿ ಪ್ಯಾಂಟೊಂದನ್ನು ಚಾಚಿತು.

"ಸೊಂಟ ಎರಡಿಂಚು ಚಿಕ್ಕದು ಮಾಡಿಕೊಡಿ" ಎಂದರು ಇನ್ಸ್‌ಪೆಕ್ಟರು ಒಳಗಿನಿಂದ. "ಬೇಗ. ನಲವತ್ತು ಸೆಕೆಂಡು ಸಾಕಲ್ಲ? ಠಾಣೆಯಲ್ಲಿ ಇನ್ನೂ ಇಪ್ಪತ್ತಮೂರು ಜನ ಇದ್ದಾರೆ."