ಮಾವನ ಕಾರಿಗೆ ಉಷ್ಣವಾದದ್ದು

ಈಗಿನ ಹೊಸ ಕಾರುಗಳಲ್ಲಿ ಒಂದು ಹೆಚ್ಚುಗಾರಿಕೆ ಇದೆಯಂತೆ. ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಎಂಜಿನ್ ತಾನಾಗಿಯೇ ಆಫ್ ಆಗುತ್ತದಂತೆ, ಪೆಟ್ರೋಲು ಉಳಿಯುತ್ತದಂತೆ. ಮೊನ್ನೆ ಮೈಸೂರಿನ ಷೋರೂಮಿನವರು ಇದನ್ನು ಭಯಭಕ್ತಿಯಿಂದ ವಿವರಿಸುತ್ತಿದ್ದಾಗ ನನಗೆ ನಗು ತಡೆಯಲಾಗಲಿಲ್ಲ. ಈ ವಿದ್ಯೆಯನ್ನು ಹುಣಸೂರಿನ ನಮ್ಮ ಸೋದರಮಾವನ ಕಾರು ಯಾವತ್ತೋ ಕಲಿತು ಅರೆದು ಕುಡಿದಿತ್ತು! ವ್ಯತ್ಯಾಸ ಇಷ್ಟೇ. ಹೊಸ ಕಾರು ಮತ್ತೆ ತಾನಾಗಿಯೇ ಶುರುವಾಗುತ್ತದೆ. ಮಾವನ ಕಾರಿಗೆ ಬೆರಳು ನೋಯುವಷ್ಟು ಸಲ ಕೀ ತಿರುಗಿಸಬೇಕಿತ್ತು, ಅದಕ್ಕೂ ಜಗ್ಗದಿದ್ದರೆ ತಳ್ಳುವ ಪುಣ್ಯಾತ್ಮರು ಬೇಕಿತ್ತು.

ಓಡುವಾಗ ಆ ಕಾರಿನಲ್ಲಿ ಒಂದು ಕೊರತೆ ಹೇಳುವ ಹಾಗಿರಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮಾತ್ರ ಮೈ ನಡುಗಿಸಿ, ಒಮ್ಮೆ ಕೆಮ್ಮಿ, ಗಪ್‌ಚಿಪ್! ಅದಕ್ಕೇ ಮಾವ ಆದಷ್ಟೂ ಅದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಹತ್ತುವವರು ಓಡುತ್ತ ಹತ್ತಬೇಕು, ಇಳಿಯುವವರು ಓಡುತ್ತ ಇಳಿಯಬೇಕು. ನೆಂಟರಲ್ಲಿ ಮಂಡಿನೋವಿನವರೆಲ್ಲ ಮಾವನ ಸ್ನೇಹವನ್ನೇ ಬಿಟ್ಟಿದ್ದರು. ಪಿರಿಯಾಪಟ್ಟಣದ ಬೀಗರೊಬ್ಬರಿಗೆ ಮದುವೆಯ ಕರೆಯೋಲೆ ಕೊಡಲು ಹೋದಾಗ ಮಾವ ಅವರ ಮನೆಗೆ ಎರಡು ಸುತ್ತು ಹಾಕಿ, ಕಿಟಕಿಯಿಂದಲೇ "ಮನೆಮಂದಿಯೆಲ್ಲ ಬರ್ಬೇಕು!" ಎಂದು ಕೂಗಿ, ಓಲೆಯನ್ನು ಅಂಗಳಕ್ಕೆ ಎಸೆದು ಬಂದಿದ್ದರು. ಬೀಗರು ಮನೆಮಂದಿಯೆಲ್ಲ ಮುನಿಸಿಕೊಂಡರು.

ದೊಡ್ಡ ಎಡವಟ್ಟಾದದ್ದು ಆ ಮದುವೆಯಲ್ಲೇ. ಕೆ.ಆರ್. ನಗರದಲ್ಲಿರುವ ಅತ್ತೆಯ ತಂಗಿಯ ಮಗಳ ಮದುವೆ ಅದು. ಹೆಣ್ಣನ್ನು ಛತ್ರಕ್ಕೆ ಕರೆದೊಯ್ಯಲು ತನ್ನ ಕಾರೇ ಆಗಬೇಕೆಂದು ಮಾವ ಹಟ ಹಿಡಿದು ಹೂವಿನ ಅಲಂಕಾರವನ್ನೂ ಮಾಡಿಸಿದರು. ಛತ್ರದ ಬಾಗಿಲಲ್ಲಿ ವಾಲಗದವರು ಅಡ್ಡ ನಿಂತರು. ಮಾವ ಕಾಲು ತೆಗೆದರು. ಕಾರು ಕೆಮ್ಮಿತು. ಹೆಣ್ಣು ಕೂತ ಗಾಡಿ ಕೆಟ್ಟು ನಿಂತರೆ ಅಪಶಕುನವೆಂದು ಯಾರೋ ಗೊಣಗಿದ್ದೇ ತಡ, ಅತ್ತೆ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಇಳಿದು, ತಾವೇ ಕಾರು ತಳ್ಳಿದರು! ಕಾರು ಶುರುವಾಯಿತು. ಶುರುವಾಗುವಾಗ ಇದ್ದಬದ್ದ ಹೊಗೆಯನ್ನೆಲ್ಲ ಅತ್ತೆಯ ಮೇಲೆ ಉಗಿಯಿತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯಿಂದ ಎದ್ದು ಬಂದವರ ಹಾಗೆ ಅತ್ತೆ ನಿಂತಿದ್ದರೆ, ಗಂಡಿನ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅವತ್ತೇ ಅತ್ತೆಯ ಶಪಥವಾಯಿತು. "ನಿಮ್ ಗಾಡಿ ನಮ್ ಬಾಗ್ಲಲ್ಲಿ ಶುರುವಾಗಿ ನಿಂತ್ಕೊಳ್ಲಿ. ನಾನು ಎಲೆಅಡ್ಕೆ ಆಕ್ಕೊಂಡು, ಅಗ್ದು, ಉಗ್ದು ಬರೋಗಂಟ ಅದು ಆಫ್ ಆಗ್ದೆ ಇದ್ರೆ ಗಾಡಿ ಅತ್ತುತೀನಿ. ಅಲ್ಲಿಗಂಟ ನಂಗೆ ಬಸ್ಸೇ ಸರಿ!"

ಹೇಳಿದಂತೆಯೇ ನಡೆದರು. ವಾರಕ್ಕೊಮ್ಮೆ ತಂಗಿಯನ್ನು ನೋಡಲು ಹುಣಸೂರಿನಿಂದ ಬಿಳಿಕೆರೆ ಹಾದು ಕೆ.ಆರ್. ನಗರಕ್ಕೆ ಹೋಗುವ ಬಸ್ಸು ಹತ್ತತೊಡಗಿದರು. ಮಾವ ಕಾರಿನ ಮುಂದಿನ ಸೀಟನ್ನು ಖಾಲಿ ಬಿಟ್ಟರು. ನಾನು ಕೂರಲು ಹೋದರೆ "ಇಂದ್ಕೋಗ್ಲಾ" ಎನ್ನುತ್ತಿದ್ದರು. ಅವರಿಗೆ ಬೇಕಿದ್ದದ್ದು ಒಂದೇ. ಅತ್ತೆ ಬಂದು ಆ ಸೀಟಿನಲ್ಲಿ ಕೂರಬೇಕು. ಅದಕ್ಕಾಗಿ ಕಾರಿನ ಕಾಯಿಲೆಯನ್ನು ಕಂಡುಹಿಡಿಯಬೇಕು.

ಮೆಕ್ಯಾನಿಕ್ಕಿಗೆ ತೋರಿಸಬಹುದಿತ್ತಲ್ಲ ಎನ್ನುತ್ತೀರಾ? ತೋರಿಸಿದ್ದರು. "ಬಿಟ್ಟು ಹೋಗಿ ಸಾರ್, ನೋಡ್ತೀನಿ" ಎಂದ ಗ್ಯಾರೇಜಿನ ಸಾಯಬರಿಗೆ "ಬಿಟ್ಟು ಹೋಗಕ್ಕೆ ಇದೇನು ಎರಿಗೆನಾ?" ಎಂದು ಜಗಳವಾಡಿ ಬಂದಿದ್ದರು. ಸ್ವತಃ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟ ಮಾವ ಬೇರೆಯವರ ಕೈಗೆ ಎಂಜಿನ್ ಕೊಡುವುದುಂಟೆ?

ಮೊದಲಿಗೆ ಹುಣಸೂರಿನ ಪೆಟ್ರೋಲು ಕಾರಿಗೆ ಒಗ್ಗುತ್ತಿಲ್ಲ ಎಂದರು. ಊರು ಬದಲಾದರೆ ನಮಗೆ ನೀರು ಒಗ್ಗುವುದಿಲ್ಲವಲ್ಲ, ಹಾಗೆ! ಸರಿ, ಎಚ್.ಡಿ. ಕೋಟೆಯವರೆಗೂ ಹೋಗಿ ಪೆಟ್ರೋಲು ಹಾಕಿಸಿಕೊಂಡು ಬರುವುದು. ಮನೆಗೆ ಬರುವಷ್ಟರಲ್ಲಿ ಹಾಕಿಸಿದ್ದರಲ್ಲಿ ಅರ್ಧ ಖರ್ಚಾಗಿರುತ್ತಿತ್ತು. ಆಮೇಲೆ ಪ್ಲಗ್ಗುಗಳ ಮೇಲೆ ಅನುಮಾನ ಬಂತು. ತಮ್ಮ ಹಲ್ಲಿಗಿಂತ ಶ್ರದ್ಧೆಯಿಂದ ಅವನ್ನು ಉಜ್ಜಿದರು. ಒಂದು ದಿನ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಆನಿಸಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು.

"ಏನನ್ಸುತ್ತೆ ಮಾವ?"

"ಎದೆ ಬಡಿತ ಚೆಂದಾಗೈತೆ ಕಣ್ಲಾ. ವಸಿ ಕಫ ಐತೆ."

ಭಾನುವಾರ ಬೆಳಿಗ್ಗೆ ಪರೀಕ್ಷೆ. ಮಾವ ಬಾಗಿಲಲ್ಲಿ ಕಾರು ಶುರುಮಾಡಿ ಕಾಲು ತೆಗೆಯುತ್ತಿದ್ದರು. ಅತ್ತೆ ಜಗಲಿಯ ಮೇಲೆ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ಸುಣ್ಣ ಹಚ್ಚುವಷ್ಟರಲ್ಲಿ ಕಾರು ಕೆಮ್ಮಿ ಕಣ್ಣು ಮುಚ್ಚುತ್ತಿತ್ತು. ಅತ್ತೆ ಎಲೆ ಬಾಯಿಗಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಎಂಥ ಭಾನುವಾರಗಳು ಅವು! ನಾನು ಪಿರಿಯಾಪಟ್ಟಣದ ನನ್ನ ಕೆಲಸದಿಂದ ರಜೆಗೆ ಮನೆಗೆ ಹೋಗದೆ ಇದನ್ನು ನೋಡಲೆಂದೇ ಹುಣಸೂರಿಗೆ ಬರುತ್ತಿದ್ದೆ.

ವಾರದ ಬಸ್ಸಿನ ದಿನವೂ ಮಾವ ಸುಮ್ಮನೆ ಕೂರಲಿಲ್ಲ. ಅತ್ತೆಯ ಬಸ್ಸು ಹೊರಟರೆ ಹಿಂದೆಯೇ ಕಾರು ಹೊರಡುತ್ತಿತ್ತು. "ಇದ್ಯಾಕೆ ಮಾವ?" ಎಂದರೆ "ರೋಡು ಯಾರಪ್ಪಂದ್ಲಾ? ಬಸ್ಸು ಮುಂದ್ ಓದ್ರೆ ನಾನೇನ್ ಮಾಡ್ಲಿ?" ಎನ್ನುತ್ತಿದ್ದರು. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತದೆ. ಬಸ್ಸು ನಿಂತರೆ ಕಾರೂ ನಿಲ್ಲಬೇಕು. ಕಾರು ನಿಂತರೆ ಆಫ್! ಹಿಂದಿನವರ ಹಾರನ್ನು, ಬೈಗುಳ ಎಲ್ಲವನ್ನೂ ಕೇಳಿಸಿಕೊಂಡು ಮಾವ ಕೀ ತಿರುಗಿಸುತ್ತಲೇ ಇರುತ್ತಿದ್ದರು. ಹಾಗೆ ಕೆ.ಆರ್. ನಗರ ಮುಟ್ಟಿ, ಅತ್ತೆ ಬಸ್ಸಿನಿಂದ ಇಳಿದು ತಂಗಿಯ ಮನೆ ಸೇರಿದ ಮೇಲೆ ತಿರುಗಿ ಬರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಪವಾಡವೇ ನಡೆಯಿತು. ಸೆಕೆಗೆ ಬೇಸತ್ತ ಮಾವ ಹೆಗಲ ಮೇಲಿನ ಟವೆಲ್ಲನ್ನು ನೀರಿನಲ್ಲಿ ಅದ್ದಿ ಕಾರ್ಬೊರೇಟರಿನ ಬುಡಕ್ಕೆ ಸುತ್ತಿದರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಬುರುಡೆ ಅದು. ಕಾಲು ತೆಗೆದರೂ ಎಂಜಿನ್ ಆಫ್ ಆಗದೆ ಸಣ್ಣಗೆ ಓಡುತ್ತಲೇ ಇತ್ತು!

"ಉಷ್ಣ ಕಣ್ಲಾ! ಮನ್ಸರಿಗೆ ಆಗೋ ಅಂಗೇ ಇದ್ಕೂ ಉಷ್ಣ ಆಗೈತೆ!"

ಶುರುವಾಯಿತು ಚಿಕಿತ್ಸೆ. ಕಾರನ್ನು ಹೊಂಗೆಮರದ ನೆರಳಿಗೆ ಕಟ್ಟಿದರು, ಅಂದರೆ ನಿಲ್ಲಿಸಿದರು. ಬಾನೆಟ್ಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ಮಜ್ಜಿಗೆ ಕುಡಿಸಲು ಬಾಯಿ ಎಲ್ಲಿದೆಯೆಂದು ಹುಡುಕಿದ್ದರೋ ಏನೋ, ನಾನು ಕಂಡಿಲ್ಲ. ಕಾರಿನೊಳಗೆ ಒಂದು ಬಿಂದಿಗೆ ನೀರು ಕಾಯಮ್ಮಾಗಿ ಬಂದು ಕೂತಿತು. ಅಡ್ಡಿ ಒಂದೇ, ಟವೆಲ್ಲು ಒಣಗಿದ ಕೂಡಲೇ ಕಾಯಿಲೆ ಮರಳುತ್ತಿತ್ತು. ಅತ್ತೆ ಅಡಿಕೆ ಬಾಯಿಗೆ ಹಾಕುವವರೆಗೂ ಕಾರು ಬಂತು, ಅಗಿಯಲು ಶುರುಮಾಡುವವರೆಗೂ ಬಂತು, ಅದರಾಚೆಗೆ ಬರಲಿಲ್ಲ.

ಮತ್ತೊಂದು ಭಾನುವಾರ. ಮಾವ ಟವೆಲ್ಲು ಸುತ್ತುತ್ತಿದ್ದರು. ಜಗಲಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. "ರೀ, ಒದ್ದೆ ಬಟ್ಟೆ ಸುತ್ತಿದ್ರೆ ಓಡ್ತದೆ, ಒಣಗಿದ್ರೆ ನಿಲ್ತದೆ ಅಲ್ವಾ?"

"ಊಂ. ಉಷ್ಣ."

"ಉಷ್ಣ ನಿಮ್ ತಲೆಗೆ! ಇಡ್ಲಿ ಪಾತ್ರೆ ಮುಚ್ಚಳದ ಸಂದೀಲಿ ಆವಿ ಓಯ್ತಿದ್ರೆ ನಾನು ಒದ್ದೆ ಬಟ್ಟೆ ಸುತ್ತಕಿಲ್ವಾ? ಅದೇನು ಪಾತ್ರೆಗೆ ತಂಪಾಗ್ಲಿ ಅಂತಾನಾ? ಸಂದಿ ಮುಚ್ಕಳ್ಲಿ ಅಂತ! ನಿಮ್ ಗಾಡೀಲೂ ಎಲ್ಲೋ ಸಂದಿ ಬಿಟ್ಟದೆ, ಬಿಚ್ಚಿ ನೋಡಿ."

ಮಾವ ಸ್ಪ್ಯಾನರ್ ತಂದರು. ಆಮೇಲೆ ನಟ್ಟು ಬಿಚ್ಚಿ ನೋಡಿದರೆ, ಕಾರ್ಬೊರೇಟರಿನ ಕೆಳಗೆ ಇರುವ ರಟ್ಟಿನಂಥ ಪ್ಯಾಕಿಂಗು ಸೀಳಿಹೋಗಿತ್ತು! ಆ ಸೀಳಿನಿಂದ ಎಂಜಿನ್ ಕಳ್ಳಗಾಳಿ ಎಳೆದುಕೊಳ್ಳುತ್ತಿತ್ತು. ಜೋರಾಗಿ ಓಡುವಾಗ ಅಷ್ಟು ಗಾಳಿ ಲೆಕ್ಕಕ್ಕಿಲ್ಲ. ಸುಮ್ಮನೆ ನಿಂತಾಗ ಮಾತ್ರ ಅಷ್ಟೇ ಸಾಕು, ಪೆಟ್ರೋಲು ತೆಳುವಾಗಿ ಉಸಿರು ನಿಲ್ಲುತ್ತಿತ್ತು. ಮಾವ ಅಂಗಡಿಯಿಂದ ಪ್ಯಾಕಿಂಗ್ ಹಾಳೆ ತಂದು ಕತ್ತರಿಸಿ ಕೂರಿಸಿದರು. "ನಂಗೆ ಮೊದ್ಲೇ ಇದರ ಮೇಲೆ ಅನ್ಮಾನ ಇತ್ತು" ಎಂದೂ ಹೇಳಿದರು!

ಕಡೆಯ ಪರೀಕ್ಷೆಗೆ ಬೀದಿಯೇ ನೆರೆಯಿತು. ಕಾರು ಶುರುಮಾಡಿದ ಮಾವ, ಮೋಸವೇನೂ ಇಲ್ಲವೆಂದು ಎಲ್ಲರಿಗೂ ಕಾಣುವಂತೆ ಎರಡೂ ಕಾಲನ್ನು ಸೀಟಿನ ಮೇಲೆ ಮಡಿಸಿ ಕೂತರು. ಅತ್ತೆಗೂ ಅವತ್ತು ಯಾವ ಆತುರವೂ ಇರಲಿಲ್ಲ. ಎಲೆ ಒರೆಸಿದರು, ತೊಟ್ಟು ಮುರಿದರು, ಸುಣ್ಣ ಹಚ್ಚಿದರು, ಮಡಿಸಿದರು, ಅಗಿದರು, ಇನ್ನೂ ಅಗಿದರು. ಎದ್ದು ಹೋಗಿ ಉಗಿದು, ಬಾಯಿ ತೊಳೆದು ಬಂದರು. ಕಾರು ಓಡುತ್ತಲೇ ಇತ್ತು. ಒಳಗೆ ಹೋದ ಅತ್ತೆ ಸೀರೆ ಬದಲಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. "ಕೆ.ಆರ್. ನಗರಕ್ಕೆ ನಡೀರಿ" ಎಂದರು. ಹಿಂದೆ ನಾನು.

ಬಿಳಿಕೆರೆಯಲ್ಲಿ ನಮ್ಮ ಮುಂದೆ ಅತ್ತೆ ಹತ್ತುತ್ತಿದ್ದ ಅದೇ ಬಸ್ಸು ನಿಂತಿತ್ತು. ಮಾವ ಗತ್ತಿನಿಂದ ಹಿಂದೆ ಕಾರು ನಿಲ್ಲಿಸಿದರು. ಎಂಜಿನ್ ಹದವಾಗಿ ಓಡುತ್ತಿತ್ತು. ಜನ ಹತ್ತಿದರು, ಇಳಿದರು. ಬಸ್ಸು ಮಾತ್ರ ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಇಳಿದು ಕಾರಿನ ಬಳಿಗೇ ಬಂದು ಬಗ್ಗಿದ.

"ಏನ್ ಸಾರ್, ಗಾಡಿ ಶುರುವಾಗಿಲ್ವಾ ಇನ್ನೂ? ಓ, ಅಮ್ಮೋರು ಇಲ್ಲೇ ಅವ್ರೆ!" ಎಂದು ನಕ್ಕ. "ಅಭ್ಯಾಸ ಆಗೋಗದೆ ನೋಡಿ. ಅಮ್ಮೋರು ಬಸ್ಸಲ್ಲಿ ಇಂದ್ಲ ಸೀಟಲ್ಲೇ ಕೂರೋರು. 'ತಡೀಪ್ಪ, ನಮ್ಮೆಜಮಾನ್ರ ಗಾಡಿ ಶುರುವಾಗ್ಲಿ, ಆಮ್ಯಾಕೆ ಸೀಟಿ ಊದು' ಅಂತ ಪ್ರತಿ ಸ್ಟಾಪಲ್ಲೂ ಏಳೋರು. ಇವತ್ತೂ ಅಂಗೇ ಕಾಯ್ತಾ ನಿಂತ್ಬುಟ್ಟೆ."

ಅವನು ಹೋಗಿ ಸೀಟಿ ಊದಿದ. ಮಾವ ಅತ್ತೆಯ ಕಡೆ ತಿರುಗಿದರು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

"ಅಂಗಾರೆ ನೀನು... ಇಷ್ಟ್ ದಿನಾನೂ..."

"ಇನ್ನೇನ್ ಮಾಡ್ಲಿ, ನಡುರೋಡಲ್ಲಿ ಬುಟ್ಟೋಗ್ಲಾ?" ಎಂದರು ಅತ್ತೆ. "ಕ್ವಾಪ ಇದ್ದಿದ್ದು ಗಾಡಿ ಮ್ಯಾಲೆ ಕಣ್ರೀ, ನಿಮ್ ಮ್ಯಾಲಲ್ಲ."

ಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ತುಂಬಿತ್ತು, ಹಿಂದೆ ಕೂತಿದ್ದರಿಂದ ಯಾರಿಗೂ ಕಾಣಲಿಲ್ಲ. ಬಸ್ಸು ತಿರುವು ದಾಟಿ ಹೋಯಿತು. ಹಿಂದಿನವರು ಹಾರನ್ನು ಬಾರಿಸತೊಡಗಿದರು. ಎಂಜಿನ್ ನಿಂತಲ್ಲೇ ಸಣ್ಣಗೆ ಓಡುತ್ತಲೇ ಇತ್ತು, ಮುಂದೆ ಹೋಗಲು ಮಾತ್ರ ನಮ್ಮ ಮಾವನಿಗೆ ಇನ್ನೂ ಮನಸ್ಸು ಬಂದಿರಲಿಲ್ಲ.