ದೊಡ್ಡಪ್ಪನ ಬಿಪಿ, ದೊಡ್ಡವ್ವನ ತೋಳು

ನಮ್ಮ ದೊಡ್ಡಪ್ಪನಿಗೆ ಬಿಪಿ ಇದೆ. ಆದರೆ ಅದು ಅವರ ಮೈಯಲ್ಲಿಲ್ಲ, ದೊಡ್ಡವ್ವನ ತೋಳಿನಲ್ಲಿದೆ! ನಗಬೇಡಿ. ಮೊನ್ನೆ ಬುಧವಾರ ಕಣ್ಣಾರೆ ಕಂಡೆ.

ಅಂದು ನಲ್ಲಿ ನೀರು ಬೇಗ ಬಂತು. ನೀರು ತುಂಬಿ, ಹಾಲು ಕಾಯಿಸಿ, ನಮ್ಮವರ ಡಬ್ಬಿ ಕಟ್ಟಿ ಕಳಿಸಿದರೂ ಇನ್ನೂ ಎಂಟಾಗಿರಲಿಲ್ಲ. ದಿನಾ ಒಯ್ಯುವ ಚಟ್ನಿಯ ಬಟ್ಟಲು ಹಿಡಿದು, ಒಂದು ಮನೆಯಾಚೆಗಿನ ದೊಡ್ಡಪ್ಪನ ಮನೆಗೆ ಅರ್ಧ ಗಂಟೆ ಮೊದಲೇ ಹೋದೆ. ದೊಡ್ಡಪ್ಪ ಪೇಪರ್ ಓದುತ್ತಿದ್ದರು. ಸಂಡೂರಿನ ಅಳಿಯ ತಂದುಕೊಟ್ಟ ಬಿಪಿ ಯಂತ್ರದ ಪಟ್ಟಿ ದೊಡ್ಡವ್ವನ ತೋಳಿನಲ್ಲಿ ಉಬ್ಬುತ್ತಿತ್ತು.

"ನಂದು ಎಷ್ಟು ಬಂತು?" ದೊಡ್ಡಪ್ಪ ಪೇಪರಿನ ಹಿಂದಿನಿಂದಲೇ ಕೇಳಿದರು.

"ನಿಮ್ದು ನೂರಾ ಮೂವತ್ತಾರು," ಎಂದ ದೊಡ್ಡವ್ವ ಅದನ್ನು ಕ್ಯಾಲೆಂಡರಿನಲ್ಲಿ ಬರೆದರು!

ಬಟ್ಟಲು ನನ್ನ ಕೈಯಿಂದ ಜಾರಲಿಲ್ಲ, ಅಷ್ಟೇ. "ದೊಡ್ಡಪ್ಪ, ಇದೇನ್ರಿ! ಬಿಪಿ ನಿಮಗ, ಪಟ್ಟಿ ದೊಡ್ಡವ್ವಗ?"

"ಏ ಕಾನ್ವೆಂಟು, ನಲವತ್ತೆರಡು ವರ್ಷ ಒಂದ ಗಡಿಗಿ ಉಪ್ಪು ತಿಂದೀವಿ. ಬಿಪಿ ಬ್ಯಾರೆ ಹೆಂಗ ಆಗ್ತೈತಿ? ಅದೂ ಅಲ್ದ, ಆ ಪಟ್ಟಿ ಹಿಚುಕಿದ್ರ ನನಗ ಪೊಲೀಸರು ರಟ್ಟಿ ಹಿಡಿದಂಗ ಆಗ್ತೈತಿ!"

ಈ ಬಿಪಿ ಬಂದದ್ದು ಹೋದ ದೀಪಾವಳಿ ಮುಗಿದ ಮೇಲೆ. ನಿಜವಾಗಿ ತಲೆ ತಿರುಗಿ ಬಿದ್ದವರು ದೊಡ್ಡವ್ವ. ಡಾಕ್ಟರು ಮಾತ್ರೆ ಬರೆದುಕೊಟ್ಟರೆ, "ನನಗೇನಾಗೈತಿ ಧಾಡಿ? ಒಮ್ಮೆ ಹಚ್ಚಿಕೊಂಡ್ರ ಸಾಯೋತನಕ ಬಿಡಂಗಿಲ್ಲ" ಎಂದು ಚೀಟಿಯನ್ನು ಮುದುರಿ ಕಂಪೌಂಡಿನಾಚೆ ಎಸೆದಿದ್ದರು. ಹೆಂಡತಿಯನ್ನು ನೋಡಿಕೊಳ್ಳಬೇಕಾದ ಹೊತ್ತಿಗೇ ಗಂಡನಿಗೆ ಬಿಪಿ ಬರಬೇಕೇ! ಇಷ್ಟು ಸ್ವಾರ್ಥದ ಕಾಯಿಲೆಯನ್ನು ನಾನು ಕಂಡಿಲ್ಲ.

ಕಂಪ್ಲಿಯ ಮದುವೆಯಲ್ಲಿ ಏನಾಯಿತು ಗೊತ್ತೇ? ದೊಡ್ಡವ್ವನ ಎಲೆಯ ಉಪ್ಪಿನಕಾಯಿ, ಹಪ್ಪಳ ಎರಡನ್ನೂ ದೊಡ್ಡಪ್ಪ ಎತ್ತಿಬಿಟ್ಟರು. "ಅಕಿ ಉಪ್ಪು ತಿಂದ್ರ ನನಗ ಏರ್ತೈತಿ!" ಎತ್ತಿದ್ದನ್ನು ಮಾಡಿದ್ದೇನು? ತಾವೇ ಕುರುಕುರು ತಿಂದರು! ಸಾಲಿಗೆ ಸಾಲೇ ಕೈ ನಿಲ್ಲಿಸಿ ನೋಡಿತು. ಇನ್ನು ಸಂಜೆಯ ವಾಕಿಂಗ್. ಕಾಲುವೆ ದಂಡೆಯಲ್ಲಿ ದೊಡ್ಡವ್ವ ನಡೆಯುತ್ತಾರೆ. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು ಮಿರ್ಚಿ ಭಜಿ ತಿನ್ನುತ್ತಾ, "ನನ್ನ ಸಲುವಾಗಿ ಇನ್ನೊಂದು ಸುತ್ತು!" ಎಂದು ಕೂಗುತ್ತಾರೆ.

ಇಷ್ಟನ್ನು ಹೇಗೋ ನುಂಗಿಕೊಂಡಿದ್ದೆ. ಆದರೆ ಬುಧವಾರ ಪಟ್ಟಿ ಬಿಚ್ಚಿದ ಮೇಲೆ ಎರಡು ಮಾತ್ರೆ ಹೊರಬಂದವು. ಒಂದು ದೊಡ್ಡಪ್ಪನ ಬಾಯಿಗೆ, ಇನ್ನೊಂದು ದೊಡ್ಡವ್ವನ ಬಾಯಿಗೆ!

"ದೊಡ್ಡವ್ವ! ನೀವ್ಯಾಕ?"

"ನಾ ನುಂಗಲಿಲ್ಲಂದ್ರ ಇವರೂ ನುಂಗಂಗಿಲ್ಲವ್ವ. ಇವರ ಆಯುಷ್ಯಕ್ಕ ಸೋಮವಾರ ಒಪ್ಪತ್ತು ಮಾಡ್ತೀನಿ. ಇದೂ ಹಂಗ, ಒಂದು ವ್ರತ."

ದೊಡ್ಡಪ್ಪ ಬಾಯಿ ಮುಚ್ಚಿಕೊಂಡೇ ಹಿತ್ತಲಿಗೆ ಹೋಗಿ ಬಂದರು. ನಾನು ಬಿಡಲಿಲ್ಲ, ಹಿಡಿದು ಕೂರಿಸಿ ಅವರ ತೋಳಿಗೇ ಪಟ್ಟಿ ಸುತ್ತಿದೆ. ನೂರಾ ಹದಿನೆಂಟು! ಶುದ್ಧ ಆರೋಗ್ಯವಂತ!

"ನೋಡಿದ್ಯಾ? ಅಕಿ ನುಂಗಿದ್ದಕ್ಕ ನಂದು ಇಳಿದೈತಿ!" ಎಂದು ನಕ್ಕರು.

ನಗುವ ಮಾತೇ ಇದು? ಅವರ ಹುಚ್ಚಿಗೆ ಮುದುಕಿ ಬೇಡದ ಮಾತ್ರೆ ನುಂಗುತ್ತಿದ್ದಾಳೆ! ಅಂದು ದಿನವಿಡೀ, ಬೇರೆಯವರ ಔಷಧಿ ಮುಟ್ಟಬಾರದೆಂದು ನಮ್ಮ ಕಾನ್ವೆಂಟ್ ಶಾಲೆಯ ಸಿಸ್ಟರ್ ಹೇಳಿದ್ದೇ ಕಿವಿಯಲ್ಲಿ ಕೊರೆಯುತ್ತಿತ್ತು. ನಾಳೆಯೇ ಡಾಕ್ಟರ ಹತ್ತಿರ ಹೋಗಿ ದೊಡ್ಡಪ್ಪನ ಬಣ್ಣ ಬಯಲು ಮಾಡಬೇಕು. ಇಲ್ಲದ ಬಿಪಿಗಾಗಿ ತಿಂಗಳಿಗೊಮ್ಮೆ ಕ್ಯಾಲೆಂಡರಿನ ಹಾಳೆ ಹರಿದುಕೊಂಡು ಒಬ್ಬರೇ ಅವರ ಹತ್ತಿರ ಹೋಗುತ್ತಾರಲ್ಲ, ಮನುಷ್ಯ!

ಸಂಜೆ ಒಗ್ಗರಣೆಗೆ ಕರಿಬೇವು ಇರಲಿಲ್ಲ. ನಮ್ಮೆರಡು ಮನೆಗಳ ನಡುವಿನ ಮನೆಯಾಕೆಯನ್ನು ಕೇಳಿದೆ. ಆಕೆ ಎಸಳು ಮುರಿಯುತ್ತಾ ಹೇಳಿದಳು:

"ಅಕ್ಕಾರ, ನಿಮ್ಮ ದೊಡ್ಡಪ್ಪಗ ಒಂದು ಮಾತು ಹೇಳ್ರಿ. ದಿನಾ ಮುಂಜಾನೆ ಕಂಪೌಂಡ್ ಗ್ವಾಡಿ ಮ್ಯಾಲಿಂದ ಈ ಗಿಡದ ಬುಡಕ್ಕ ಮಾತ್ರಿ ಉಗುಳ್ತಾರ. 'ಯಾಕ್ರಿ ಅಜ್ಜಾರ' ಅಂದ್ರ, 'ಅಕಿದು ಅಕಿ ಹೊಟ್ಟಿಗೆ ಹೋತು, ಸಾಕು ಬಿಡವ್ವ' ಅಂತಾರ."

ನಾನು ಬಗ್ಗಿ ಗಿಡದ ಬುಡ ನೋಡಿದೆ. ಆಕೆ ಎಸಳುಗಳನ್ನು ನನ್ನ ಕೈಗಿಟ್ಟಳು.

"ದೀಪಾವಳಿ ಆದ ಮ್ಯಾಲೆ ಒಂದಿನ ಯಾವ್ದೋ ಡಾಕ್ಟ್ರ ಚೀಟಿ ಹಾರಿ ಬಂದೈತಿ ಅಂತ ಇಲ್ಲೇ ಮಣಕಾಲೂರಿ ಹುಡುಕಿ ಒಯ್ದ್ರು, ಪಾಪ. ಗಿಡಕ್ಕೇನೂ ಆಗಿಲ್ಲ ಬಿಡ್ರಿ, ಘಮಾ ಘಮಾ ಅಂತೈತಿ. ಒಯ್ರಿ."